ಬ್ರೇಕ್ ಲೈಟ್

ಆಲಿಕಲ್ಲು ಬಿದ್ದು ಹಾಳಾಗಿದ್ದ ಚಾವಣಿ ರಿಪೇರಿ ಇವತ್ತು ಮುಗಿಯಿತು. ಹೊರಡುವ ಮೊದಲು ಕೆಲಸದವರೊಬ್ಬರು ತಮ್ಮ ಹಳೇ ಪಿಕಪ್ ಸುತ್ತ ಒಂದು ಸುತ್ತು ಬಂದರು. ಇಂಡಿಕೇಟರ್, ನಂಬರ್ ಪ್ಲೇಟ್ ಮೇಲಿನ ಪುಟ್ಟ ಬಲ್ಬು, ಎಲ್ಲಾ ನೋಡಿದರು. ಎಡಗಡೆ ಬ್ರೇಕ್ ಲೈಟ್ ಉರಿಯಲಿಲ್ಲ. ಅಲ್ಲೇ ಕೂತು ಬಲ್ಬು ಬದಲಾಯಿಸಿದರು.

"ಪೊಲೀಸ್ ನಿಲ್ಲಿಸಿದರೆ ಮುಗೀತು" ಅಂದರು. ಕಾಗದಪತ್ರದ ವಿಷಯ ನಾನು ಕೇಳಲಿಲ್ಲ.

ಇಲ್ಲಿ ಟೆಕ್ಸಾಸ್‌ನಲ್ಲಿ ದಾಖಲೆ ಇಲ್ಲದವರಿಗೆ, ಅಂದರೆ ಅಮೆರಿಕದಲ್ಲಿರಲು ಕಾನೂನಿನ ಕಾಗದಪತ್ರ ಇಲ್ಲದ ವಲಸಿಗರಿಗೆ, ಡ್ರೈವಿಂಗ್ ಲೈಸೆನ್ಸ್ ಇಲ್ಲ. ಜೈಲಿಗೆ ಹೋದರೆ ಬೆರಳಚ್ಚು ವಲಸೆ ಇಲಾಖೆಗೂ ಹೋಗುತ್ತದೆ. ಅದರಿಂದಲೇ ಇಲ್ಲಿ ಯಾರ ಅಪರಾಧ ಎಷ್ಟು ಅನ್ನೋ ಲೆಕ್ಕ ಸಿಗುತ್ತದೆ. 2012ರಿಂದ 2018ರವರೆಗಿನ ಬಂಧನಗಳ ದಾಖಲೆ ನೋಡಿದ ಅಧ್ಯಯನವೊಂದು 2020ರಲ್ಲಿ ಬಂತು. ದಾಖಲೆ ಇಲ್ಲದವರಿಗೆ ಹೋಲಿಸಿದರೆ, ಹಿಂಸೆಯ ಅಪರಾಧಕ್ಕೆ ಬಂಧನವಾಗುವ ಪ್ರಮಾಣ ಅಮೆರಿಕದಲ್ಲೇ ಹುಟ್ಟಿದವರಲ್ಲಿ 2 ಪಟ್ಟಿಗಿಂತ ಜಾಸ್ತಿ. ಕಳ್ಳತನದಂಥ ಅಪರಾಧಗಳಲ್ಲಿ 4 ಪಟ್ಟಿಗಿಂತ ಜಾಸ್ತಿ!

ದಾಖಲೆ ಇಲ್ಲದವರಲ್ಲಿ ಕೆಟ್ಟವರೇ ಇಲ್ಲ ಅಂತಲ್ಲ. ಅಂಥ ಒಬ್ಬರ ಕೈಯಲ್ಲಿ ಮಗಳನ್ನು ಕಳೆದುಕೊಂಡ ಮನೆಗೆ ಈ ಅಂಕಿಗಳು ಸಮಾಧಾನ ಕೊಡುವುದಿಲ್ಲ, ನಿಜ. ಆದರೆ ನಮ್ಮ ಕನ್ನಡದ ಗ್ರೂಪಲ್ಲೇ "ಇವರೆಲ್ಲ ಕ್ರಿಮಿನಲ್‌ಗಳು" ಅಂತ ಫಾರ್ವರ್ಡ್ ಬಂದರೆ ಹೊಟ್ಟೆ ಉರಿಯುತ್ತದೆ. ವೀಸಾ ಸ್ಟಾಂಪಿಂಗ್ ಅಂದರೆ ನಿದ್ದೆಗೆಡುವವರು ನಾವೂ ಅಲ್ವಾ? ಈ ಸಲ ಸುಮ್ನಿರಲು ಆಗಲಿಲ್ಲ. ಅಂಕಿಗಳನ್ನು ಅಲ್ಲೇ ಹಾಕಿದೆ.