ಒಂದು ಟವೆಲ್ಲಿಗೆ ಎಷ್ಟು ದಿನ ಬೇಕು?

ನನ್ನ ಕೈಯಲ್ಲಿ ನೂಲು ತೆಗೆಯುವ ಪುಟ್ಟ ತಕಲಿ ಕಂಡರೆ ಸಾಕು, ಜನ ಕೇಳುವ ಪ್ರಶ್ನೆ ಒಂದೇ. "ಒಂದು ಟವೆಲ್ ಆಗ್ಲಿಕ್ಕೆ ಎಷ್ಟು ದಿನ ಹಿಡೀತದ್ರಿ?" ಆಫೀಸಿನಲ್ಲಿ ಕೇಳುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ, ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ರೈಲಿನಲ್ಲಂತೂ ಎದುರು ಸೀಟಿನವರು ಕೇಳದೆ ಇಳಿದದ್ದೇ ಇಲ್ಲ. ನಾನು "ಐದು ತಾಸು" ಅಂತೀನಿ. "ಬರೇ ಐದು ತಾಸು?" ಅಂತ ಅವರು ಹುಬ್ಬೇರಿಸುತ್ತಾರೆ. ಅದು ಬರೀ ನೇಯುವುದಕ್ಕೆ, ನೇಯೋದು ಕಡೇ ಕೆಲಸ, ಅದಕ್ಕೆ ಮುಂಚಿನದು ಬೇರೆ ಇದೆ ಅಂತ ನಾನು ಶುರು ಮಾಡುವಷ್ಟರಲ್ಲಿ ಹಾವೇರಿ ಬಂದುಬಿಟ್ಟಿರುತ್ತದೆ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ನೇಕಾರಳಲ್ಲ. ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮನೆ ಧಾರವಾಡ, ತವರು ಗದಗ-ಬೆಟಗೇರಿ. ಬೆಟಗೇರಿಯ ನಮ್ಮ ಓಣಿಯಲ್ಲಿ ಮಗ್ಗದ ಸದ್ದು ಎಷ್ಟು ರೂಢಿ ಅಂದರೆ, ಅದು ಕೇಳುವುದಿಲ್ಲ ಅಂದಾಗಲೇ "ಓ, ಇವತ್ತು ಅಮಾಸಿ" ಅಂತ ನೆನಪಾಗುತ್ತಿತ್ತು. ಆದರೂ ನಲವತ್ತೈದು ದಾಟುವ ತನಕ ಒಂದು ಎಳೆ ನೂಲು ತೆಗೆದವಳಲ್ಲ. ಎರಡು ವರ್ಷದ ಹಿಂದೆ ಅಣ್ಣಿಗೇರಿ ಕಡೆ ಹೊಲ ಇರುವ ನಮ್ಮ ಕಾಕಾ ಒಂದು ಚೀಲ ಜಯಧರ ಹತ್ತಿ ತಂದುಕೊಟ್ಟು "ದಿಂಬಿಗೆ ಹಾಕ್ಕೋ" ಅಂದರು. ದಿಂಬು ಆಗಲಿಲ್ಲ, ಇದಾಯಿತು. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ.

ಜಯಧರ ಅಂದರೆ ನಮ್ಮ ಎರಿ ಭೂಮಿಯ, ಅಂದರೆ ಕಪ್ಪು ಮಣ್ಣಿನ, ದೇಸಿ ಹತ್ತಿ. ಮಳೆ ನಂಬಿ ಬೆಳೆಯುವುದು, ಕೀಟದ ಕಾಟ ಕಡಿಮೆ, ಆದರೆ ಎಳೆ ಗಿಡ್ಡ. 1972ರಲ್ಲಿ ನಮ್ಮ ಧಾರವಾಡದಲ್ಲೇ ತಯಾರಾದ ವರಲಕ್ಷ್ಮಿ ಹೈಬ್ರಿಡ್ ಬಂತು, ಅದರ ಎಳೆ ಉದ್ದ. ಆಮೇಲೆ ಕುಲಾಂತರಿ ಬಿಟಿ ಹತ್ತಿ ಬಂತು, ಈಗ ಜಯಧರ ಹಾಕುವವರು ಅಲ್ಲೊಬ್ಬರು ಇಲ್ಲೊಬ್ಬರು. ಗಿಡ್ಡ ಎಳೆಯ ಹತ್ತಿಗೆ ಹುರಿ, ಅಂದರೆ ತಿರುಚು, ಜಾಸ್ತಿ ಬೇಕು, ನೂಲೂ ದಪ್ಪ ಬರುತ್ತದೆ. ಇದು ಗೊತ್ತಿಲ್ಲದೆ ನಾನು ಮೊದಲ ವಾರವೇ ಕೂದಲಿನಂಥ ನೂಲು ತೆಗೆಯಲು ಹೊರಟು ಅರ್ಧ ಚೀಲ ಹಾಳು ಮಾಡಿದೆ.

ಈಗ ಲೆಕ್ಕ. ಲೆಕ್ಕದವಳು ತಾನೇ, ಬರೆದಿಟ್ಟಿದ್ದೇನೆ.

ನನ್ನ ಟವೆಲ್ 40 ಸೆಂಟಿಮೀಟರ್ ಅಗಲ, 70 ಉದ್ದ. ಅಡುಗೆಮನೆಯಲ್ಲಿ ಕೈ ಒರೆಸಿಕೊಳ್ಳುವಂಥದ್ದು. ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ನೂಲು ಹಾಸು, ಅಡ್ಡಕ್ಕೆ ಹಾಯುವುದು ಹೊಕ್ಕು. ಸೆಂಟಿಮೀಟರಿಗೆ 12 ಎಳೆ ಅಂದರೆ ಹಾಸಿನಲ್ಲಿ 480 ಎಳೆ. ಮಗ್ಗಕ್ಕೆ ಕಟ್ಟಲು, ಕೊನೆಯಲ್ಲಿ ಕತ್ತರಿಸಿ ಬಿಸಾಡಲು ಅಂತ ಒಂದೊಂದು ಎಳೆಯೂ 1.3 ಮೀಟರ್ ಇರಬೇಕು. ಅಲ್ಲಿಗೇ 624 ಮೀಟರ್ ಹೋಯಿತು. ಹೊಕ್ಕಿಗೆ ಇನ್ನೊಂದು 370. ಒಟ್ಟು ಹೆಚ್ಚುಕಡಿಮೆ ಒಂದು ಕಿಲೋಮೀಟರ್ ನೂಲು. ಕೈ ಒರೆಸುವ ಬಟ್ಟೆಗೆ!

ನೂಲಿಗೆ ನಂಬರ್ ಇರುತ್ತದೆ. ಒಂದು ಪೌಂಡ್ ತೂಕದಲ್ಲಿ 840 ಗಜದ ಲಡಿ (ನೂಲಿನ ಸುರುಳಿ) ಎಷ್ಟು ಬರುತ್ತವೋ ಅದೇ ಆ ನೂಲಿನ ನಂಬರ್. ನಂಬರ್ ದೊಡ್ಡದಾದಷ್ಟೂ ನೂಲು ಸಣ್ಣ. ನನ್ನದು 10ರ ಆಸುಪಾಸು, ಅಂದರೆ ಒಂದು ಗ್ರಾಂ ಹತ್ತಿಯಲ್ಲಿ 17 ಮೀಟರ್. ಒಂದು ಕಿಲೋಮೀಟರಿಗೆ 60 ಗ್ರಾಂ ಸಾಕು. ಆದರೆ ಅದು ಕಾಳು ತೆಗೆದ ಹತ್ತಿ. ಗಿಡದಿಂದ ಬಿಡಿಸಿ ತಂದದ್ದರಲ್ಲಿ ಮೂರನೇ ಒಂದು ಪಾಲು ಮಾತ್ರ ಅರಳೆ, ಉಳಿದದ್ದು ಹತ್ತಿಕಾಳು. ಸುಮಾರು 200 ಗ್ರಾಂ ಹತ್ತಿಯನ್ನು ಮಣೆಯ ಮೇಲಿಟ್ಟು, ಕಬ್ಬಿಣದ ಸಲಾಕೆ ಉರುಳಿಸಿ, ಕಾಳು ಮುಂದಕ್ಕೆ ಜಿಗಿಯುವ ಹಾಗೆ ಬಿಡಿಸುತ್ತಾ ಕೂತೆ. ಮೂರು ಸಂಜೆ. ಕಾಳು ಪಕ್ಕದ ಮನೆಯ ಎಮ್ಮೆಗೆ ಹೋಯಿತು. ಈ ಇಡೀ ವ್ಯವಹಾರದಲ್ಲಿ ಕೈಗೆ ಬಂದ ಲಾಭ ಅಂದರೆ ಅದೊಂದೇ, ಒಂದು ಲೋಟ ಹಾಲು.

ಹಿಂಜಲು ನನ್ನ ಹತ್ತಿರ ಏನೂ ಇರಲಿಲ್ಲ. ನಾಯಿಗೆ ಕೂದಲು ಬಾಚುವ ತಂತಿ ಬ್ರಷ್ ಎರಡು ಕೊಂಡುಕೊಂಡೆ (ನಮ್ಮ ಮನೆಯಲ್ಲಿ ನಾಯಿ ಇಲ್ಲ, ಅಂಗಡಿಯವರು ಯಾವ ಜಾತಿ ಅಂತ ಕೇಳಿದಾಗ ಹತ್ತಿ ಅನ್ನಲಾಗದೆ ಪಮೇರಿಯನ್ ಅಂದೆ). ಅದರಲ್ಲಿ ಬಾಚಿ, ಸ್ವೆಟರ್ ಹೆಣೆಯುವ ಕಡ್ಡಿಗೆ ಸುತ್ತಿ, ಮೆತ್ತಗೆ ಉರುಳಿಸಿ ಕಡ್ಡಿ ಎಳೆದರೆ ಹಂಜಿ, ನೂಲಲು ತಯಾರಾದ ಅರಳೆಯ ಬತ್ತಿ. ಎರಡು ಭಾನುವಾರ ಅದಕ್ಕೇ ಹೋಯಿತು.

ನೂಲುವುದನ್ನು ಕಲಿಸಿದ್ದು ಗರಗದ ಒಬ್ಬ ಅವ್ವ. ಗರಗ ಗೊತ್ತಲ್ವಾ, ಧಾರವಾಡದ ಹತ್ತಿರವೇ, ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಊರು. ಅವ್ವನ ಆಯುಷ್ಯವೆಲ್ಲ ರಾಟಿಯ ಮುಂದೆ ಕಳೆದಿದೆ, ಈಗ ಮೊಣಕಾಲು ನೋವು ಅಂತ ಬಿಟ್ಟಿದ್ದಾರೆ. ನಾನು ಪೆಟ್ಟಿ ಚರಕ ತೆಗೆದುಕೊಂಡು ಹೋದೆ. ಮುಚ್ಚಿದರೆ ಸೂಟ್‌ಕೇಸಿನ ಹಾಗೆ ಕೈಯಲ್ಲಿ ಹಿಡಿಯಬಹುದು, ಗಾಂಧೀಜಿ ಯರವಡಾ ಜೈಲಿನಲ್ಲಿದ್ದ ಕಾಲದಲ್ಲಿ ರೂಪಕ್ಕೆ ಬಂದದ್ದು. ಅವ್ವ ಅದರ ಕಡೆ ನೋಡಲೇ ಇಲ್ಲ. ನನ್ನ ಎಡಗೈ ನೋಡಿದರು.

"ಹಿಚುಕಬ್ಯಾಡ ತಂಗಿ. ಗುಬ್ಬಿಮರಿ ಹಿಡದಂಗ ಹಿಡಿ."

ಇಡೀ ವಿದ್ಯೆ ಇರುವುದು ಅಲ್ಲೇ. ಬಲಗೈ ಚಕ್ರ ತಿರುಗಿಸುತ್ತದೆ, ಎಡಗೈ ಹಂಜಿ ಹಿಡಿದು ಹಿಂದಕ್ಕೆ ಸರಿಯುತ್ತದೆ. ಚರಕದಲ್ಲಿ ಗಿರ್ರನೆ ತಿರುಗುವ ಸೂಜಿಯಂಥ ಕಡ್ಡಿಯೇ ಕದಿರು, ಅದರ ತುದಿಯಿಂದ ನೂಲು ಒಂದೊಂದು ಸುತ್ತಿಗೂ ಟಿಕ್ ಟಿಕ್ ಅಂತ ಜಾರುತ್ತದೆ, ಆ ಸದ್ದು ಸಮ ಇದ್ದರೆ ನೂಲೂ ಸಮ. ಹುರಿ ಕದಿರಿನಿಂದ ಹೊರಟು ಎಳೆಯ ಮೇಲೆ ಓಡುತ್ತಾ ಬಂದು ಬೆರಳ ಹತ್ತಿರ ನಿಲ್ಲುತ್ತದೆ, ನಿಲ್ಲುವ ಮುಂಚೆ ಅಲ್ಲಿ ಅರಳೆ ತೆಳ್ಳಗಾಗಿರಬೇಕು. ಬೇಗ ಎಳೆದರೆ ಕೈಗೆ ಬರೀ ನಾರು, ತಡ ಮಾಡಿದರೆ ಹುರಿ ಹಂಜಿಯ ಒಳಗೇ ನುಗ್ಗಿ ಹಗ್ಗ. ನನಗೆ ಭಯ, ತುಂಡಾಗುತ್ತದೆ ಅಂತ. ಭಯಕ್ಕೆ ಬೆರಳು ಬಿಗಿಯಾಗುತ್ತಿತ್ತು, ಬಿಗಿಯಾದದ್ದಕ್ಕೇ ತುಂಡಾಗುತ್ತಿತ್ತು. ಅವ್ವ ಕೊನೆಗೆ ನನ್ನ ಹೆಬ್ಬೆರಳನ್ನು ಹಿಡಿದು ಎತ್ತಿಬಿಟ್ಟರು, "ಇದಕ್ಕ ಕೆಲಸಿಲ್ಲ, ಸುಮ್ನ ಕುಂದ್ರು ಅಂತ ಹೇಳು" ಅಂದರು. ನಾಲ್ಕನೇ ಸಲ ಗರಗಕ್ಕೆ ಹೋದ ದಿನ ಒಂದು ಮಾರು ನೂಲು ತಡೆಯದೆ ಬಂತು. ನಾನು ಖುಷಿಗೆ ಚಕ್ರ ನಿಲ್ಲಿಸಿದೆ, ತುಂಡಾಯಿತು.

ಈಗ ನನ್ನ ವೇಗ ತಾಸಿಗೆ 120 ಮೀಟರ್. ಒಂದು ಕಿಲೋಮೀಟರಿಗೆ ಎಂಟು ತಾಸಿನ ಮೇಲೆ ಚೂರು ಅಂತ ಕಾಗದದ ಮೇಲೆ ಬರುತ್ತದೆ. ಆದರೆ ರಾತ್ರಿ ಊಟ ಆದ ಮೇಲೆ ಅರ್ಧ ತಾಸು, ಅದರಲ್ಲೂ ಕರೆಂಟ್ ಹೋದರೆ, ನೆಂಟರು ಬಂದರೆ, ಮಾರ್ಚ್ ಎಂಡ್ ಬಂದರೆ ಇಲ್ಲ. ಒಂದೂವರೆ ತಿಂಗಳು ಹಿಡಿಯಿತು. ಕೈತಕಲಿ ಇನ್ನೂ ನಿಧಾನ, ಆದರೆ ಅದು ಪರ್ಸಿನಲ್ಲಿ ಹಿಡಿಯುತ್ತದೆ. ರೈಲಿಗೆ ಅದೇ ಸರಿ. ಹಾವೇರಿಯಲ್ಲಿ ಇಳಿಯುವಾಗ ಸ್ಟೇಷನ್ನಿನ ಬೋರ್ಡಿನಲ್ಲಿ ಮೈಲಾರ ಮಹದೇವಪ್ಪನವರ ಹೆಸರು ಕಾಣುತ್ತದೆ. ಮೋಟೆಬೆನ್ನೂರಿನವರು, ಸಾಬರಮತಿ ಆಶ್ರಮ ಸೇರಿ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದವರು. ಆ ಬೋರ್ಡಿನ ಕೆಳಗೆ ತಕಲಿ ಹಿಡಿದು ನಿಂತರೆ ಯಾರಾದರೂ ಒಬ್ಬರು "ಏನ್ರಿ ಅಕ್ಕಾರ, ಗಾಂಧಿವಾದಿ ಏನು?" ಅಂದೇ ಅನ್ನುತ್ತಾರೆ. ಅಲ್ಲ ಮಾರಾಯರೇ. ಕೈಯಲ್ಲಿ ಇದಿಲ್ಲದಿದ್ದರೆ ಮೊಬೈಲ್ ಇರುತ್ತಿತ್ತು, ಅಷ್ಟೇ.

ನೂಲು ಆಯಿತು, ಇನ್ನು ನೇಯುವುದೇ ಅಂದುಕೊಂಡೆ. ನನ್ನ ದೊಡ್ಡ ತಪ್ಪು ಇಲ್ಲೇ ಆದದ್ದು.

ಗೆಳತಿಯ ಮಗಳು ಕೋರ್ಸಿಗೆ ಅಂತ ತಂದು ಅಟ್ಟಕ್ಕೆ ಹಾಕಿದ್ದ ಮೇಜಿನ ಮಗ್ಗ ಸಿಕ್ಕಿತ್ತು. ಬಲ್ಲವರು ಹೇಳಿದ್ದರು: ಮೊದಲ ಸಲ ಹಾಸಿನಲ್ಲಿ ಮಿಲ್ ನೂಲು ಹಾಕು, ನಿನ್ನ ನೂಲು ಹೊಕ್ಕಿಗೆ ಇರಲಿ. ಹೊಕ್ಕು ಸುಮ್ನೆ ಬಂದು ಮಲಗುತ್ತದೆ, ಹಾಸಿನ ಎಳೆ ಮಾತ್ರ ಬಿಗಿದ ಮೇಲೂ ಹಣಿಗೆಯ (ಹೊಕ್ಕನ್ನು ಒತ್ತುವ ಮಗ್ಗದ ಬಾಚಣಿಗೆಯ) ಹಲ್ಲಿಗೆ ಸಾವಿರ ಸಲ ಉಜ್ಜಿಸಿಕೊಳ್ಳಬೇಕು. ನಾನು ಹಟ ಹಿಡಿದು ಎರಡೂ ನನ್ನದೇ ಹಾಕಿದೆ. 480 ಎಳೆಯನ್ನು ಒಂದೊಂದಾಗಿ ತಂತಿಯ ಕಣ್ಣಿಗೆ, ಆಮೇಲೆ ಹಣಿಗೆಯ ಸಂದಿಗೆ ಪೋಣಿಸಲು ನಾಲ್ಕು ರಾತ್ರಿ, ಕನ್ನಡಕದ ಮೇಲೆ ಟಾರ್ಚು. ನೇಯಲು ಕೂತ ಮೊದಲ ಸಂಜೆಯೇ 40ಕ್ಕೂ ಹೆಚ್ಚು ಎಳೆ ತುಂಡಾದವು. ಏಪ್ರಿಲ್ ಬೇರೆ, ಒಣ ಗಾಳಿ. ಎಳೆಗಳೆಲ್ಲ ನವಿರೆದ್ದು ಒಂದಕ್ಕೊಂದು ಅಂಟಿಕೊಂಡವು.

ಬೆಟಗೇರಿಗೆ ಹೋದಾಗ ನಮ್ಮ ಓಣಿಯ ಹಿರಿಯ ನೇಕಾರರೊಬ್ಬರಿಗೆ ಒಂದು ತುಂಡು ತೋರಿಸಿದೆ. ಬೆರಳಿನಲ್ಲಿ ಒಂದು ಸಲ ಎಳೆದು ನೋಡಿ ಕೇಳಿದರು, "ಗಂಜಿ ಕುಡಿಸಿಲ್ಲೇನವಾ ಇದಕ್ಕ?"

ಕುಡಿಸಿರಲಿಲ್ಲ. ನೂಲನ್ನು ಮೊದಲು ಸೋಡಾ ಹಾಕಿ ಕುದಿಸಬೇಕು, ಹತ್ತಿಯಲ್ಲಿ ಮೇಣ ಇರುತ್ತದೆ, ಅದು ಹೋಗದಿದ್ದರೆ ನೀರೇ ಹೀರುವುದಿಲ್ಲ. ಬಿಳೀ ನೂಲು ಹಾಕಿದ್ದು, ತಾಸಿನಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗಿತು. ಆಮೇಲೆ ತೆಳ್ಳನೆ ಗಂಜಿಯಲ್ಲಿ ಅದ್ದಿ, ಹಿಂಡಿ, ಝಾಡಿಸಿ, ಒಣಗುವಾಗ ನಡುನಡುವೆ ಬಿಡಿಸುತ್ತಿರಬೇಕು. ಕಂಬಳಿ ನೇಯುವವರು ಇದಕ್ಕೇ ಹುಣಸೆಬೀಜದ ಸರಿ ಕಾಯಿಸುತ್ತಾರೆ. ನಾನು ಮೈದಾ ಗಂಜಿ ಮಾಡಿದೆ, ತೆಳ್ಳಗೆ ಅಂದರೆ ಎಷ್ಟು ತೆಳ್ಳಗೆ ಅಂತ ಕೇಳಿಕೊಂಡಿರಲಿಲ್ಲ. ಮಾಳಿಗೆಯ ಮೇಲೆ ಕಟ್ಟಿದ ಲಡಿ ನೋಡಿದ ಎದುರು ಮನೆಯವರು ಈ ಸಲ ಶಾವಿಗಿ ಛಲೋ ಸಣ್ಣ ಬಂದಾವು ಅಂದರು. ಅದನ್ನೆಲ್ಲ ತೊಳೆದು ಮತ್ತೆ ಗಂಜಿ ಹಾಕಿದೆ. ಮತ್ತೆ ಹಾಸು, ಮತ್ತೆ 480 ಎಳೆ, ಮತ್ತೆ ನಾಲ್ಕು ರಾತ್ರಿ. ಬೆಟಗೇರಿಯಲ್ಲಿ ಹೀಗೆ ಹೊಸದಾಗಿ ಪೋಣಿಸುವುದನ್ನು ನಾನು ನೋಡಿದ್ದೇ ಕಡಿಮೆ. ಹಳೇ ಹಾಸಿನ ತುದಿ ಮಗ್ಗದಲ್ಲೇ ಬಿಟ್ಟು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹೊಸ ಎಳೆಯನ್ನು ಅದಕ್ಕೆ ಹೊಸೆದು ಕೂಡಿಸುತ್ತಿದ್ದರು. ಮಾತಾಡುತ್ತಲೇ ಕೂಡಿಸುತ್ತಿದ್ದರು, ಬೆರಳ ಕಡೆ ನೋಡುತ್ತಿರಲಿಲ್ಲ. ಕುಣಿ ಮಗ್ಗ ನೆಲದಲ್ಲಿ ಯಾಕೆ ಇರುತ್ತದೆ ಅನ್ನುವುದೂ ಈಗಲೇ ತಲೆಗೆ ಹೊಳೆದದ್ದು. ನೆಲದ ತಂಪು ಎಳೆಗೆ ತಾಗಿದರೆ ತುಂಡಾಗುವುದು ಕಡಿಮೆ. ಚಿಕ್ಕವಳಿದ್ದಾಗ ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವುದು ಬೇಸಿಗೆಯಲ್ಲಿ ಹಿತ ಅಂತ ಮಾತ್ರ ಗೊತ್ತಿತ್ತು.

ಎರಡನೇ ಹಾಸು ನಿಂತಿತು. ಒಂದು ಭಾನುವಾರ ಮಧ್ಯಾಹ್ನ ಕೂತು, ಸೋಮವಾರ ರಾತ್ರಿ ಸ್ವಲ್ಪ, ಒಟ್ಟು ಐದು ತಾಸು. ಹೊಕ್ಕಿನ ನೂಲು ಒಯ್ಯುವ ಲಾಳಿ ಆ ಕಡೆ, ಹಣಿಗೆ ಬಡಿ, ಲಾಳಿ ಈ ಕಡೆ. ನಿಜ ಹೇಳಬೇಕೆಂದರೆ ಇದು ಎಲ್ಲಕ್ಕಿಂತ ಸುಲಭದ ಭಾಗ, ಸ್ವಲ್ಪ ಬೇಜಾರಿನದೂ ಹೌದು. ಹೇಳಿಕೊಳ್ಳಲು ಚೆನ್ನಾಗಿರುತ್ತದೆ ಅಂತ ಎಲ್ಲರೂ ಇದನ್ನೇ ಹೇಳುತ್ತಾರೆ.

ಹತ್ತಿ ಬಿಡಿಸಲು ಕೂತ ದಿನದಿಂದ ಕತ್ತರಿ ಹಾಕಿದ ದಿನದವರೆಗೆ ಎಣಿಸಿದರೆ ನಾಲ್ಕು ತಿಂಗಳು. ನಿಮ್ಮ ಪ್ರಶ್ನೆಗೆ ಉತ್ತರ ಅದು. ನಾನು ಹಟ ಹಿಡಿಯದಿದ್ದರೆ ಮೂರು ಅನ್ನಿ.

"ಹಂಗಾರ ಮಾರಿದ್ರ ಎಷ್ಟಕ್ಕ ಕೊಡ್ತೀರಿ?" ಅನ್ನುವುದು ಇದರ ಬಾಲಕ್ಕೇ ಬರುವ ಪ್ರಶ್ನೆ. ಮಾರುವುದಿಲ್ಲ. ದೊಡ್ಡತನಕ್ಕಲ್ಲ, ಮಾರುವ ಹಾಗೆ ಇಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರ ನವೆಂಬರ್ 1ರಂದು ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಧ್ವಜದ ಬಟ್ಟೆಯ ಎಳೆ ಎಣಿಸಿ ಪಾಸು ಮಾಡುತ್ತಾರೆ. ನನ್ನ ಟವೆಲ್ ಒಂದು ಕಡೆ 12 ಎಳೆ, ಇನ್ನೊಂದು ಕಡೆ 9, ಅಂಚು ಹಾವು ಹರಿದಂತೆ. ಈ ಎರಡು ವರ್ಷದಲ್ಲಿ ನಾನು ಆದದ್ದೆಂದರೆ ಖಾದಿ ಅಂಗಡಿಯಲ್ಲಿ ಬಟ್ಟೆ ಬೆಳಕಿಗೆ ಹಿಡಿದು ನೋಡಿ, ಬಿಟ್ಟು ಹೋಗದೆ ನಿಂತುಬಿಡುವ ಗಿರಾಕಿ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರಿಗೂ ಯಂತ್ರದ ಬಟ್ಟೆಗೂ ಅವಕಾಶ ಕೊಟ್ಟಾಗ ಪೇಪರಿನಲ್ಲಿ ಓದಿ ಪುಟ ತಿರುವಿದ್ದೆ. ಈಗಾಗಿದ್ದರೆ ತಿರುವುತ್ತಿರಲಿಲ್ಲ.

ಶುರು ಮಾಡಬೇಕು ಅನ್ನುವವರಿಗೆ ನನ್ನ ಮಾತು ಇಷ್ಟೇ: ಮಗ್ಗ ಕೊಳ್ಳಬೇಡಿ. ಒಂದು ತಕಲಿ, ಖಾದಿ ಕೇಂದ್ರದಲ್ಲಿ ಸಿಕ್ಕರೆ ತಯಾರು ಹಂಜಿ, ಒಂದು ತಿಂಗಳು. ಬೇಜಾರಾದರೆ ಅಲ್ಲಿಗೇ ಬಿಡಿ, ಏನೂ ಹೋಗಲಿಲ್ಲ. ನೇಯಲೇಬೇಕು ಅನಿಸಿದರೆ ಹಳೇ ಫೋಟೋ ಫ್ರೇಮಿಗೆ ಮೊಳೆ ಹೊಡೆದು ಅಂಗೈ ಅಗಲದ ತುಂಡು ನೇಯಿರಿ.

ಟವೆಲ್ ಈಗ ಕೈ ಒರೆಸಲು ಇಲ್ಲ. ನಾನು ಅದನ್ನು ಮಡಿಸಿ ಕಪಾಟಿನಲ್ಲಿಟ್ಟಿದ್ದೆ, ನಮ್ಮತ್ತೆ ಒಂದು ದಿನ ತೆಗೆದು ರೊಟ್ಟಿ ಬುಟ್ಟಿಗೆ ಹಾಸಿಬಿಟ್ಟರು. ನಾಲ್ಕು ತಿಂಗಳು ರಾತ್ರಿ ದೀಪ ಹಚ್ಚಿಕೊಂಡು ಕೂರುತ್ತಾಳೆ ಅಂತ ಗೊಣಗಿದವರು ಅವರೇ. ನನಗೆ ಸಿಟ್ಟು ಬಂತು, ಏನೂ ಅನ್ನಲಿಲ್ಲ. ಮಧ್ಯಾಹ್ನ ಬುಟ್ಟಿ ಬಿಚ್ಚಿದಾಗ ರೊಟ್ಟಿ ಮೆತ್ತಗಿತ್ತು, ಅಡಿಯದು ಕೂಡ ಬೆವೆತಿರಲಿಲ್ಲ. ಅತ್ತೆ ಬಟ್ಟೆಯ ಮೂಲೆ ಬೆರಳಿನಲ್ಲಿ ತಿಕ್ಕಿ ನೋಡಿದರು.

"ಅಂಗಡೀದು ಹಿಂಗ ನೀರು ಹೀರಂಗಿಲ್ಲ," ಅಂದರು. "ಇನ್ನೊಂದು ಮಾಡು. ಮ್ಯಾಲ ಮುಚ್ಚಾಕ ಬೇಕು."