ನಾಲ್ಕು ಪದರ ಹಳೇ ಸೀರೆ

ಬಡ ಊರುಗಳಿಗೆ ಶುದ್ಧ ನೀರು ಕೊಡುವ ಹೊಸ ಸಾಧನಗಳ ವಿಡಿಯೋಗಳು ನನ್ನ ಫೋನಿಗೆ ಬರುತ್ತಲೇ ಇರುತ್ತವೆ. ಹೀರಿ ಕುಡಿಯುವ ಕೊಳವೆ, ನೆಲದ ಮೇಲೆ ಉರುಳಿಸಿಕೊಂಡು ಹೋಗುವ ಡ್ರಮ್ಮು, ಬಿಸಿಲಲ್ಲಿಡುವ ಬಾಟಲಿ, ಹೀಗೆ. ನಾನು ಎಲ್ಲವನ್ನೂ ಆಸೆಯಿಂದಲೇ ನೋಡುತ್ತೇನೆ. ಆದರೆ ಇವುಗಳಲ್ಲಿ ನಿಮಗೆ ಯಾವುದು ಇಷ್ಟ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ: ಬಾಂಗ್ಲಾದೇಶದ ಹಳ್ಳಿ ಹೆಂಗಸರು ಕೊಡದ ಬಾಯಿಗೆ ಕಟ್ಟಿದ ಹಳೇ ಕಾಟನ್ ಸೀರೆ. ಅದರ ವಿಡಿಯೋ ನನಗೆ ಯಾರೂ ಕಳಿಸಿಲ್ಲ. ಅದಕ್ಕೇ ಇವತ್ತು ಅದರ ಬಗ್ಗೆ ಬರೆಯಬೇಕು ಅನ್ನಿಸಿತು.

ಢಾಕಾದಿಂದ ದಕ್ಷಿಣಕ್ಕೆ, ಮೇಘನಾ ನದಿಯ ಕಡೆ ಮತ್ಲಬ್ ಅಂತ ಒಂದು ಊರಿದೆ. ಸುತ್ತ ಎಲ್ಲಿ ನೋಡಿದರೂ ನೀರು. ನದಿ, ಕಾಲುವೆ, ಮನೆ ಮುಂದೆ ಹೊಂಡ. ಸ್ನಾನ, ಬಟ್ಟೆ, ಪಾತ್ರೆ ಎಲ್ಲ ಅಲ್ಲೇ, ಕೆಲವರಿಗೆ ಕುಡಿಯುವ ನೀರೂ ಅಲ್ಲಿಂದಲೇ. ಕಾಲರಾ ಅಲ್ಲಿ ವರ್ಷಕ್ಕೆ ಎರಡು ಸಲ ಜೋರಾಗುತ್ತದೆ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಇನ್ನೊಮ್ಮೆ. 1960ರ ದಶಕದಿಂದಲೂ ಅಲ್ಲಿ ಕಾಲರಾ ಆಸ್ಪತ್ರೆ ಮತ್ತು ಸಂಶೋಧನಾ ಕೇಂದ್ರ ಇದೆ. ನಾವೆಲ್ಲ ವಾಂತಿ ಭೇದಿ ಆದಾಗ ಕುಡಿಯುವ ಓಆರ್‌ಎಸ್ ಇದೆಯಲ್ಲ, ಆ ಉಪ್ಪು ಸಕ್ಕರೆ ನೀರಿನಿಂದ ಕಾಲರಾ ರೋಗಿಗಳನ್ನು ಉಳಿಸಬಹುದು ಅಂತ ತೋರಿಸಿದ ಕೆಲಸದ ದೊಡ್ಡ ಪಾಲು ನಡೆದದ್ದು ಇದೇ ಸಂಸ್ಥೆಯಲ್ಲಿ, 1968ರ ಹೊತ್ತಿಗೆ. ಅದನ್ನು ನೆನೆದಾಗಲೆಲ್ಲ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ನೀರು ಕುದಿಸಿ ಕುಡಿದರೆ ಕಾಲರಾ ಬರುವುದಿಲ್ಲ. ಇದು ಅಲ್ಲಿನವರಿಗೂ ಗೊತ್ತು. ಆದರೆ ಸೌದೆ ಎಲ್ಲಿದೆ? ಅನ್ನ ಬೇಯಿಸಲು ಇರುವ ಪುಳ್ಳೆಯೇ ಸಾಲದು ಅನ್ನುವ ಮನೆಯಲ್ಲಿ ದಿನಾ ಎರಡು ಕೊಡ ನೀರು ಕುದಿಸು ಅಂತ ಹೇಳುವುದು ಸುಲಭ, ಮಾಡುವುದು ಕಷ್ಟ.

ರೀಟಾ ಕೋಲ್ವೆಲ್ ಅನ್ನುವ ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಮತ್ತು ಬಾಂಗ್ಲಾದೇಶದವರೇ ಆದ ಅನ್ವರ್ ಹಕ್ ಇಬ್ಬರೂ ಈ ಕಾಲರಾದ ಹಿಂದೆ ಬಿದ್ದಿದ್ದರು. ಕಾಲರಾ ರೋಗಾಣು ಮನುಷ್ಯರ ಹೊಟ್ಟೆಯಿಂದ ಮನುಷ್ಯರ ಹೊಟ್ಟೆಗೆ ಹೋಗುತ್ತದೆ ಅಷ್ಟೇ, ಮಧ್ಯದಲ್ಲಿ ನೀರಲ್ಲಿ ಅದು ಹೆಚ್ಚು ದಿನ ಬದುಕುವುದಿಲ್ಲ ಅಂತ ಆಗ ಬಹಳ ಜನ ನಂಬಿದ್ದರು. ಕೋಲ್ವೆಲ್ ಅವರಿಗೆ 1970ರ ದಶಕದಲ್ಲಿ ಅಮೆರಿಕದ ಚೆಸಪೀಕ್ ಕೊಲ್ಲಿಯ ನೀರಿನಲ್ಲೇ ಅದು ಸಿಕ್ಕಿತು, ಸುತ್ತ ಕಾಲರಾ ರೋಗಿಗಳೇ ಇಲ್ಲದ ಜಾಗದಲ್ಲಿ. ಆಮೇಲೆ ಇಬ್ಬರೂ ಸೇರಿ ಇನ್ನೊಂದು ಸಂಗತಿ ಕಂಡುಕೊಂಡರು. ಹೊಂಡದ ನೀರಲ್ಲಿ ಕೋಪೆಪಾಡ್ ಅನ್ನುವ ಪುಟ್ಟ ಜೀವಿಗಳು ಈಜಾಡುತ್ತಿರುತ್ತವೆ, ಸಾಸಿವೆ ಕಾಳಿಗಿಂತ ಚಿಕ್ಕವು. ಕಾಲರಾ ರೋಗಾಣು ಇವುಗಳ ಮೈಗೆ ಅಂಟಿಕೊಂಡು ಬದುಕುತ್ತದೆ. ಒಂದೊಂದು ಕೋಪೆಪಾಡ್ ಮೇಲೆ ಸಾವಿರಾರು ರೋಗಾಣುಗಳು.

ಸೀರೆಯ ಗುಟ್ಟು ಇರುವುದು ಇಲ್ಲೇ. ಬಿಡಿಯಾಗಿ ತೇಲುವ ರೋಗಾಣುವನ್ನು ಯಾವ ಬಟ್ಟೆಯೂ ಹಿಡಿಯುವುದಿಲ್ಲ. ಅದರ ಗಾತ್ರ ಒಂದೆರಡು ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಬಟ್ಟೆಯ ತೂತು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆದರೆ ಅದು ಸವಾರಿ ಮಾಡುವ ಕೋಪೆಪಾಡ್ ದೊಡ್ಡದಿದೆ ಅಲ್ವಾ, ಅದನ್ನು ಹಿಡಿದರೆ ಸಾಕು. ಕಾಲರಾ ಬರಬೇಕಾದರೆ ಸಾವಿರಗಟ್ಟಲೆ ರೋಗಾಣು ಒಟ್ಟಿಗೆ ಹೊಟ್ಟೆಗೆ ಹೋಗಬೇಕು, ಹತ್ತಿಪ್ಪತ್ತು ಹೋದರೆ ಆರೋಗ್ಯವಂತರ ಹೊಟ್ಟೆಯ ಆಮ್ಲವೇ ಸಾಮಾನ್ಯವಾಗಿ ನೋಡಿಕೊಳ್ಳುತ್ತದೆ. ಅಂದರೆ ನೀರನ್ನು ಪೂರ್ತಿ ಶುದ್ಧ ಮಾಡಲಾಗದಿದ್ದರೂ, ರೋಗಾಣುಗಳ ಲೆಕ್ಕವನ್ನು ಸಾಕಷ್ಟು ಕೆಳಗಿಳಿಸಿದರೆ ಎಷ್ಟೋ ಜನ ಕಾಯಿಲೆ ಬೀಳುವುದಿಲ್ಲ.

ಅವರು ಲ್ಯಾಬಿನಲ್ಲಿ ಬೇರೆ ಬೇರೆ ಬಟ್ಟೆ ಹಾಕಿ ನೋಡಿದರು. ಗೆದ್ದದ್ದು ಅಗ್ಗದ ಕಾಟನ್ ಸೀರೆ, ಅದರಲ್ಲೂ ಹಳೆಯದು. ಹೊಸ ಸೀರೆಯ ನೂಲು ಬಿಗಿಯಾಗಿ ಹೊಸೆದಿರುತ್ತದೆ, ಹಾಗಾಗಿ ನೂಲು ನೂಲಿನ ಮಧ್ಯೆ ಸಂದು ಜಾಸ್ತಿ. ಒಗೆದೂ ಒಗೆದೂ ಸವೆದ ಸೀರೆಯಲ್ಲಿ ಎಳೆಗಳು ಬಿಚ್ಚಿಕೊಂಡು ನವಿರಾದ ಜುಂಗು ಎದ್ದು ಆ ಸಂದುಗಳನ್ನು ತುಂಬುತ್ತವೆ. ನಿಮ್ಮ ಮನೆಯಲ್ಲೇ ಒಂದು ಹೊಸ ಕಾಟನ್ ಬಟ್ಟೆ, ಒಂದು ಹಳೇ ಪಂಚೆ ತಗೊಂಡು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಹೊಸದರಲ್ಲಿ ಚೌಕ ಚೌಕ ತೂತು ಕಾಣುತ್ತದೆ. ಹಳೆಯದರಲ್ಲಿ ಬೆಳಕು ಮಂಜಾಗಿ ಹರಡುತ್ತದೆ, ತೂತು ಎಲ್ಲಿದೆ ಅಂತ ಹುಡುಕಬೇಕು. ಅಂಥ ಸೀರೆಯನ್ನು ನಾಲ್ಕು ಪದರ ಆಗುವ ಹಾಗೆ ಮಡಚಿದರೆ ಸುಮಾರು 20 ಮೈಕ್ರಾನಿನ ಜರಡಿ ಆಗುತ್ತದೆ. ಕೋಪೆಪಾಡ್‌ಗೆ ಅಂಟಿದ ಕಾಲರಾ ರೋಗಾಣುಗಳಲ್ಲಿ ಶೇಕಡಾ 99ರಷ್ಟು ಅದರಲ್ಲೇ ನಿಂತುಬಿಟ್ಟವು. ಮೂರು ನಾಲ್ಕು ಪದರ ಜಾಸ್ತಿ ಹಾಕಿದರೆ ಇನ್ನೂ ಒಳ್ಳೇದು ಅನ್ನಿಸಬಹುದು. ಆದರೆ ನೀರು ಇಳಿಯುವುದು ನಿಧಾನ ಆಗುತ್ತದೆ, ಕಾಯುವವರಿಗೆ ಬೇಜಾರಾಗುತ್ತದೆ.

ಹಳ್ಳಿಯಲ್ಲಿ ಇದನ್ನು ಹೇಳಿಕೊಟ್ಟ ರೀತಿ ಬಹಳ ಸರಳ. ಕೊಡದ ಬಾಯಿ ಪೂರ್ತಿ ಮುಚ್ಚುವ ಹಾಗೆ ಮಡಚಿದ ಸೀರೆ ಹಾಕಿ, ಕುತ್ತಿಗೆ ಸುತ್ತ ಬಿಗಿಯಾಗಿ ಕಟ್ಟಿ, ಹಾಗೇ ಹೊಂಡದಲ್ಲಿ ಮುಳುಗಿಸಿ ತುಂಬಿಸುವುದು. ತುಂಬಿದ ಮೇಲೆ ಬಟ್ಟೆ ಬಿಚ್ಚಿ ಜಾಲಾಡಿ ಬಿಸಿಲಿಗೆ ಹಾಕುವುದು. ಅಲ್ಲಿನ ಹೆಂಗಸರಿಗೆ ಇದೇನೂ ವಿಚಿತ್ರ ಅನ್ನಿಸಲಿಲ್ಲ, ಯಾಕಂದರೆ ಮನೆಯಲ್ಲಿ ಪಾನಕ ಮಾಡಿದಾಗ ಕಸ, ಹುಳ ಹೋಗಲಿ ಅಂತ ಸೀರೆ ಚೂರಿನಲ್ಲಿ ಸೋಸುವುದು ಮೊದಲಿಂದಲೂ ಇತ್ತು. ಹೊಸದಾಗಿ ಕಲಿಯಬೇಕಾಗಿದ್ದದ್ದು ಪದರಗಳ ಲೆಕ್ಕ ಮಾತ್ರ. ನನ್ನ ಪ್ರಕಾರ ಈ ಇಡೀ ಕೆಲಸದ ಜಾಣತನ ಇಲ್ಲಿದೆ. ನೀರು ತರುವವಳ ಕೈಗೆ ಮೊದಲೇ ಗೊತ್ತಿರುವ ಕೆಲಸಕ್ಕೆ ಇನ್ನೊಂದು ಚೂರು ಸೇರಿಸಿದರು, ಅವಳ ದಿನಚರಿಯನ್ನು ತಲೆಕೆಳಗು ಮಾಡಲಿಲ್ಲ, ಅವಳಿಂದ ದುಡ್ಡು ಕೇಳಲಿಲ್ಲ.

ಆಮೇಲೆ ಮತ್ಲಬ್ ಸುತ್ತಲಿನ 65 ಹಳ್ಳಿಗಳಲ್ಲಿ, ಸುಮಾರು 1,33,000 ಜನರ ಮಧ್ಯೆ ಪರೀಕ್ಷೆ ನಡೆಯಿತು. ಕೆಲವು ಹಳ್ಳಿಗೆ ಸೀರೆ, ಕೆಲವಕ್ಕೆ ನೈಲಾನ್ ಬಲೆ, ಇನ್ನು ಕೆಲವು ಹಳ್ಳಿಗಳು ಮೊದಲಿದ್ದ ಹಾಗೇ. 2003ರಲ್ಲಿ ಫಲಿತಾಂಶ ಪ್ರಕಟವಾಯಿತು. ಸೀರೆ ಬಳಸಿದ ಹಳ್ಳಿಗಳಲ್ಲಿ ಕಾಲರಾ ಶೇಕಡಾ 48ರಷ್ಟು ಕಡಿಮೆಯಾಗಿತ್ತು. ಕಾರ್ಖಾನೆಯಲ್ಲಿ ಮಾಡಿದ ನೈಲಾನ್ ಬಲೆಯ ಮುಂದೆ ಹಳೇ ಸೀರೆ ಸರಿಸಮನಾಗಿ ನಿಂತಿತು. ಶೇಕಡಾ 48 ಅಂದರೆ ಎಷ್ಟು ಮಕ್ಕಳು ಅಂತ ಸ್ವಲ್ಪ ಯೋಚಿಸಿ. ಕಾಲರಾ ಬೆಳಿಗ್ಗೆ ಶುರುವಾಗಿ ಸಂಜೆ ಹೊತ್ತಿಗೆ ಗಟ್ಟಿಮುಟ್ಟಾದ ಮನುಷ್ಯನನ್ನೇ ಮಲಗಿಸಿಬಿಡುವ ರೋಗ.

ನನಗೆ ಇದಕ್ಕಿಂತ ಹಿಡಿಸಿದ್ದು ಮುಂದಿನ ಕಥೆ. ಇಂಥ ಯೋಜನೆಗಳಲ್ಲಿ ಹಣ ಇರುವ ತನಕ ಎಲ್ಲ ನಡೆಯುತ್ತದೆ, ಆಮೇಲೆ ಆ ಕಡೆ ಯಾರೂ ತಲೆ ಹಾಕುವುದಿಲ್ಲ. ಇವರು ಹಾಗೆ ಬಿಡಲಿಲ್ಲ. ಐದು ವರ್ಷದ ನಂತರ ಮತ್ತೆ ಹೋಗಿ ಕೇಳಿದರು. 2010ರಲ್ಲಿ ಆ ವರದಿ ಬಂತು. ಶೇಕಡಾ 31ರಷ್ಟು ಹೆಂಗಸರು ಇನ್ನೂ ನೀರು ಸೋಸುತ್ತಿದ್ದರು, ಅವರಲ್ಲಿ ಹೆಚ್ಚಿನವರು ಸೀರೆಯಲ್ಲೇ. ಯಾರೂ ಹೇಳಿಕೊಡದಿದ್ದ ಹಳ್ಳಿಗಳಲ್ಲೂ ಕೆಲವರು ನೋಡಿ ಕಲಿತು ಶುರು ಮಾಡಿದ್ದರು. ಸೋಸುವವರು ಜಾಸ್ತಿ ಇರುವ ಕಡೆ, ಸೋಸದ ನೆರೆಮನೆಯವರಿಗೂ ಕಾಲರಾ ಕಡಿಮೆ ಬಂದಿತ್ತು. ಒಬ್ಬರ ಮನೆಯಲ್ಲಿ ರೋಗ ಇಲ್ಲದಿದ್ದರೆ ಪಕ್ಕದ ಮನೆಗೆ ದಾಟುವುದೂ ಕಡಿಮೆ ತಾನೇ.

ಮೂರರಲ್ಲಿ ಎರಡು ಪಾಲು ಬಿಟ್ಟುಬಿಟ್ಟರಲ್ಲ ಅಂತ ಯಾರಾದರೂ ಹೇಳಬಹುದು. ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ನಡುವಿನ ವರ್ಷಗಳಲ್ಲಿ ಮನೆ ಬಾಗಿಲಿಗೆ ಬಂದು ನೆನಪಿಸುವವರು ಇರಲಿಲ್ಲ, ಬಹುಮಾನ ಇರಲಿಲ್ಲ, ಮೀಟಿಂಗ್ ಇರಲಿಲ್ಲ. ಆದರೂ ಮೂರರಲ್ಲೊಬ್ಬಳು ದಿನಾ ಕೊಡಕ್ಕೆ ಸೀರೆ ಕಟ್ಟುತ್ತಲೇ ಇದ್ದಳು. ನಮ್ಮ ಕಡೆ ಎಷ್ಟೋ ಊರಿನಲ್ಲಿ ಉದ್ಘಾಟನೆಯ ಫಲಕ ಮಾತ್ರ ಉಳಿದು ಒಳಗೆ ಮಷಿನ್ನು ತುಕ್ಕು ಹಿಡಿದಿರುವ ಕುಡಿಯುವ ನೀರಿನ ಘಟಕಗಳನ್ನು ನೋಡಿದವರಿಗೆ ಶೇಕಡಾ 31 ಎಷ್ಟು ದೊಡ್ಡ ಸಂಖ್ಯೆ ಅಂತ ಅರ್ಥ ಆಗುತ್ತದೆ. ಅಂಥ ಘಟಕದ ಮುಂದೆ ಐದು ರೂಪಾಯಿ ನಾಣ್ಯ ಹಿಡಿದುಕೊಂಡು ನಿಂತು, ಕೆಟ್ಟಿದೆ ಅಂತ ಗೊತ್ತಾಗಿ ಖಾಲಿ ಕ್ಯಾನ್ ಹಿಡಿದು ವಾಪಸ್ ಹೋಗುವ ಹೆಂಗಸರನ್ನು ಕಂಡಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಬಾಂಗ್ಲಾದಲ್ಲಿ ಕೊಳವೆಬಾವಿ ಇಲ್ಲವೇ, ಯಾಕೆ ಹೊಂಡದ ನೀರು ಅಂತ ನೀವು ಕೇಳಬಹುದು. ಇದೆ. ಲಕ್ಷಗಟ್ಟಲೆ ಇದೆ. 1970ರ ದಶಕದಿಂದ ಇದೇ ಕಾಲರಾ, ಭೇದಿ ತಪ್ಪಿಸಲು ಅಂತಲೇ ಹ್ಯಾಂಡ್ ಪಂಪುಗಳನ್ನು ಹಾಕಿಸಿದರು. 1990ರ ದಶಕದಲ್ಲಿ ಗೊತ್ತಾಯಿತು, ಆ ನೀರಿನಲ್ಲಿ ಎಷ್ಟೋ ಕಡೆ ಆರ್ಸೆನಿಕ್ ಇದೆ ಅಂತ. ರುಚಿ ಇಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ. ವರ್ಷಗಟ್ಟಲೆ ಕುಡಿದವರ ಅಂಗೈ ಅಂಗಾಲು ಗಂಟು ಗಂಟಾಗಿ ಗಡುಸಾಗುತ್ತದೆ, ಆಮೇಲೆ ಕ್ಯಾನ್ಸರ್. ಪರೀಕ್ಷೆ ಮಾಡಿ ವಿಷ ಇರುವ ಪಂಪಿಗೆ ಕೆಂಪು, ಇಲ್ಲದ್ದಕ್ಕೆ ಹಸಿರು ಬಣ್ಣ ಬಳಿದರು. ಮನೆ ಪಂಪಿಗೆ ಕೆಂಪು ಬಣ್ಣ ಬಿದ್ದವರು ಹಸಿರು ಪಂಪು ಹುಡುಕಿಕೊಂಡು ಹೋಗಬೇಕು, ಅಥವಾ ಮತ್ತೆ ಹೊಂಡಕ್ಕೇ ಹೋಗಬೇಕು.

ಆರ್ಸೆನಿಕ್ ಮುಂದೆ ಸೀರೆಯ ಆಟ ನಡೆಯುವುದಿಲ್ಲ. ಅದು ನೀರಿನಲ್ಲಿ ಕರಗಿರುತ್ತದೆ, ಎಷ್ಟು ಪದರ ಹಾಕಿದರೂ ದಾಟಿಕೊಂಡು ಬರುತ್ತದೆ. ಕುದಿಸಿದರೂ ಹೋಗುವುದಿಲ್ಲ. ಅದಕ್ಕೆ ಕುಷ್ಟಿಯಾ ಊರಿನ ಅಬುಲ್ ಹುಸಾಮ್ ಅನ್ನುವ ರಸಾಯನ ವಿಜ್ಞಾನಿ ಒಂದು ದಾರಿ ಹುಡುಕಿದರು. ಅಮೆರಿಕದಲ್ಲಿ ಪ್ರೊಫೆಸರ್, ಆದರೆ ತಮ್ಮ ಮನೆಯ ಬಾವಿಯಲ್ಲೇ ಆರ್ಸೆನಿಕ್ ಇದೆ ಅಂತ ಗೊತ್ತಾದ ಮೇಲೆ ಸುಮ್ನೆ ಕೂರಲಿಲ್ಲ. ಒಂದರ ಮೇಲೊಂದು ಎರಡು ಬಕೆಟ್ಟು. ಮೇಲಿನದರಲ್ಲಿ ಮರಳು ಮತ್ತು ಸಂಸ್ಕರಿಸಿದ ಕಬ್ಬಿಣದ ಚೂರು, ಕೆಳಗಿನದರಲ್ಲಿ ಮರಳು, ಇದ್ದಿಲು, ಇಟ್ಟಿಗೆ ಚೂರು. ಕಬ್ಬಿಣದ ತುಕ್ಕಿಗೆ ಆರ್ಸೆನಿಕ್ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ಕರೆಂಟ್ ಬೇಡ. ಸೋನೋ ಫಿಲ್ಟರ್ ಅಂತ ಹೆಸರು. 2007ರಲ್ಲಿ ಅದಕ್ಕೆ ಅಮೆರಿಕದಲ್ಲಿ ಹತ್ತು ಲಕ್ಷ ಡಾಲರಿನ ಗ್ರೇಂಜರ್ ಬಹುಮಾನ ಬಂತು, ಅದರ ದೊಡ್ಡ ಪಾಲನ್ನು ಅವರು ಜನರಿಗೆ ಫಿಲ್ಟರ್ ಹಂಚುವುದಕ್ಕೇ ಇಟ್ಟರು.

ಬಟ್ಟೆಗೆ ಮತ್ತೆ ಬರುತ್ತೇನೆ, ಯಾಕಂದರೆ ಅದರ ಇನ್ನೊಂದು ಗೆಲುವು ನಮ್ಮ ನೆಲದ್ದೂ ಹೌದು. ನಾರುಹುಣ್ಣು ಗೊತ್ತಾ? ಉತ್ತರ ಕರ್ನಾಟಕದ ಹಿರಿಯರನ್ನು ಕೇಳಿ, ಮುಖ ಕಿವುಚುತ್ತಾರೆ. ಕಾಲಲ್ಲಿ ಬೊಬ್ಬೆ ಎದ್ದು ಒಡೆದು ಅದರಿಂದ ದಾರದಂಥ ಬಿಳಿ ಹುಳ ಹೊರಗೆ ಬರುತ್ತದೆ, ಒಂದು ಮೀಟರಿನವರೆಗೂ ಉದ್ದ. ಎಳೆದರೆ ತುಂಡಾಗಿ ಒಳಗೆ ಕೀವಾಗುತ್ತದೆ, ಹಾಗಾಗಿ ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೊರಗೆ ತೆಗೆಯಬೇಕು. ವಾರಗಟ್ಟಲೆ ಉರಿ, ಹೊಲದ ಕೆಲಸ ಇಲ್ಲ. ಉರಿ ತಾಳಲಾರದೆ ಕಾಲನ್ನು ಮೆಟ್ಟಿಲು ಬಾವಿಯ ನೀರಲ್ಲಿ ಇಟ್ಟರೆ ಹುಳ ಮರಿಗಳನ್ನು ಬಿಡುತ್ತದೆ. ಅವನ್ನು ಸೈಕ್ಲಾಪ್ಸ್ ತಿನ್ನುತ್ತದೆ. ಅದೂ ಒಂದು ಬಗೆಯ ಕೋಪೆಪಾಡೇ! ಆ ನೀರು ಕುಡಿದವರಿಗೆ ಸುಮಾರು ಒಂದು ವರ್ಷದ ನಂತರ ಹುಣ್ಣು. ಇದಕ್ಕೆ ಲಸಿಕೆ ಇಲ್ಲ, ಹುಳ ಕೊಲ್ಲುವ ಔಷಧಿಯೂ ಇಲ್ಲ.

1984ರಲ್ಲಿ ಭಾರತದಲ್ಲಿ ಹೆಚ್ಚುಕಡಿಮೆ 40,000 ಜನರಿಗೆ ಇದು ಇತ್ತು, ಕರ್ನಾಟಕವೂ ಆ ಪಟ್ಟಿಯಲ್ಲಿತ್ತು. ಬಟ್ಟೆಯಲ್ಲಿ ನೀರು ಸೋಸಿ ಅಂತ ಮನೆ ಮನೆಗೆ ಹೇಳಿದರು, ಸಣ್ಣ ಜಾಲರಿ ಬಟ್ಟೆ ಹಂಚಿದರು, ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿ ಮಾಡಿದರು, ಹ್ಯಾಂಡ್ ಪಂಪು ಹಾಕಿದರು, ಸೈಕ್ಲಾಪ್ಸ್ ಸಾಯಲಿ ಅಂತ ನೀರಿಗೆ ಔಷಧಿ ಬಿಟ್ಟರು. 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿ ಕಂಡದ್ದು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆಫ್ರಿಕಾದಲ್ಲಿ, ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರ ಸಂಸ್ಥೆ ಇದೇ ಕೆಲಸ ಹಿಡಿಯಿತು. ದನ ಮೇಯಿಸುತ್ತಾ ಅಲೆಯುವವರು ಕೊಡ, ಬಟ್ಟೆ ಹೊತ್ತು ತಿರುಗುವುದು ಹೇಗೆ? ಅವರಿಗೆ ಕೊರಳಿಗೆ ನೇತುಹಾಕಿಕೊಳ್ಳುವ ಪ್ಲಾಸ್ಟಿಕ್ ಕೊಳವೆ ಕೊಟ್ಟರು, ತುದಿಯಲ್ಲಿ ಜಾಲರಿ ಬಟ್ಟೆ. ಕೆರೆ ದಡದಲ್ಲಿ ಬಗ್ಗಿ ಹೀರಿದರೆ ಆಯಿತು. ಈಗ ಎಲ್ಲರೂ ವಿಡಿಯೋ ಕಳಿಸುವ ಆ ಹೀರಿ ಕುಡಿಯುವ ಕೊಳವೆ, ಅಂದರೆ ಲೈಫ್‌ಸ್ಟ್ರಾ, ಹುಟ್ಟಿದ್ದು ಈ ಕೊಳವೆಯಿಂದಲೇ. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನರಿಗಿದ್ದ ನಾರುಹುಣ್ಣು 2024ರಲ್ಲಿ 15 ಜನರಲ್ಲಿ ಮಾತ್ರ ಕಂಡಿತು. ಈಗ ಉಳಿದಿರುವ ದೊಡ್ಡ ತಲೆನೋವು ಚಾಡ್‌ನಂಥ ಆಫ್ರಿಕಾದ ಕೆಲವು ದೇಶಗಳ ನಾಯಿಗಳು, ಅವುಗಳಿಗೂ ಈ ಹುಳ ಅಂಟಿದೆ, ನಾಯಿಗೆ ನೀರು ಸೋಸಿ ಕುಡಿ ಅಂತ ಹೇಳಲಾಗುವುದಿಲ್ಲ. ಹಾಗಾಗಿ ಹುಳ ಇರುವ ನಾಯಿಯನ್ನು ನೀರಿಗೆ ಇಳಿಯದ ಹಾಗೆ ಕಟ್ಟಿಹಾಕುತ್ತಾರೆ, ಮೀನಿನ ಕರುಳನ್ನು ಅವಕ್ಕೆ ಸಿಗದಂತೆ ಹೂಳುತ್ತಾರೆ.

ಇದನ್ನು ಓದಿ ಸೀರೆ ಸಾಕು, ಫಿಲ್ಟರ್ ಬೇಡ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಪಾವಗಡ, ಮುಂಡರಗಿ ಕಡೆಯ ಫ್ಲೋರೈಡ್ ನೀರಿಗೆ ಬಟ್ಟೆಯಿಂದ ಏನೂ ಪ್ರಯೋಜನವಿಲ್ಲ. ವೈರಸ್ಸಿಗೂ ಅಷ್ಟೇ. ಆದರೆ ನೆರೆ ಬಂದಾಗ, ಟ್ಯಾಂಕರ್ ನೀರು ಕೆಂಪಗೆ ಬಂದಾಗ, ಬೇರೆ ಏನೂ ಕೈಯಲ್ಲಿ ಇಲ್ಲದಾಗ ಮೊದಲು ಹಳೇ ಕಾಟನ್ ಬಟ್ಟೆ ನಾಲ್ಕು ಪದರ ಮಾಡಿ ಸೋಸಿ. ಸಿಂಥೆಟಿಕ್ ಸೀರೆ ಬೇಡ. ಸೋಸಿದ ಮೇಲೆ ಕುದಿಸಿ, ಅಥವಾ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಡಿ. ಕೆಸರು ನೀರಿಗೆ ನೇರವಾಗಿ ಹಾಕಿದರೆ ಮಾತ್ರೆಯ ಶಕ್ತಿಯೆಲ್ಲ ಕೆಸರಿಗೇ ಖರ್ಚಾಗುತ್ತದೆ. ಬಟ್ಟೆಯ ಯಾವ ಮಗ್ಗುಲು ಮೇಲಿತ್ತು ಅಂತ ಗುರುತು ಇಟ್ಟುಕೊಳ್ಳಿ, ಮುಂದಿನ ಸಲ ಅದೇ ಮಗ್ಗುಲು ಮೇಲೆ ಬರಬೇಕು, ಇಲ್ಲದಿದ್ದರೆ ಹಿಡಿದ ಕೊಳೆಯೇ ಕೊಡಕ್ಕೆ ಇಳಿಯುತ್ತದೆ. ಪ್ರತಿ ಸಲ ತೊಳೆದು ಸುಡು ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಬಿಸಿಲು ಸಿಗದಿದ್ದರೆ ಬಟ್ಟೆಯನ್ನೇ ಕುದಿಯುವ ನೀರಿಗೆ ಹಾಕಿ ತೆಗೆಯಿರಿ.