ಇಂಗ್ಲೆಂಡಿನ ಬೇಲಿಸಾಲಲ್ಲಿ ಸೊಪ್ಪಿನ ಕಲಿಕೆ

ಇಲ್ಲಿ ಗಿಡಮೂಲಿಕೆ ಕಲಿಯುತ್ತಿದ್ದೇನೆ ಅಂದರೆ ಸಾಕು, ಊರಿಂದ ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ: ಯಾವ ಕಾಯಿಲೆಗೆ ಯಾವ ಸೊಪ್ಪು? ಆ ಪಟ್ಟಿ ನನಗಿನ್ನೂ ಬಾಯಿಗೆ ಬಂದಿಲ್ಲ. ಅವಸರವೂ ಇಲ್ಲ. ಸದ್ಯಕ್ಕೆ ಕಲಿಯುತ್ತಿರುವುದು ಗಿಡವನ್ನು ಸರಿಯಾಗಿ ನೋಡುವುದನ್ನು.

ಕಾಂಫ್ರಿಯನ್ನೇ ತಗೊಳ್ಳಿ. ಉಳುಕಿದರೆ, ಪೆಟ್ಟಾದರೆ ಅರೆದು ಹಚ್ಚುತ್ತಿದ್ದ ಹಳೇ ಕಾಲದ ಸೊಪ್ಪು. ಹೊಟ್ಟೆಗೆ ಮಾತ್ರ ತಗೊಳ್ಳಬಾರದು, ಲಿವರ್‌ಗೆ ಕೆಟ್ಟದ್ದು. ಹೂ ಬಿಡುವ ಮುಂಚೆ ಇದರ ಎಲೆಯೂ ಫಾಕ್ಸ್‌ಗ್ಲೋವ್ ಎಲೆಯೂ ದೂರದಿಂದ ಒಂದೇ ಥರ ಕಾಣುತ್ತವೆ. ಫಾಕ್ಸ್‌ಗ್ಲೋವ್ ವಿಷ. ಎದೆಬಡಿತವನ್ನೇ ಏರುಪೇರು ಮಾಡುತ್ತದೆ. ಅದೇ ಗಿಡವನ್ನು ಅಳತೆ ನೋಡಿ ಮದ್ದಾಗಿ ರೋಗಿಗಳಿಗೆ ಕೊಟ್ಟು, ಏನಾಯಿತು ಅಂತ 1785ರಲ್ಲಿ ಪ್ರಕಟಿಸಿದವರು ಇಲ್ಲಿನ ವೈದ್ಯ ವಿಲಿಯಂ ವಿದರಿಂಗ್. ಈ ಎರಡು ಎಲೆಗಳ ವ್ಯತ್ಯಾಸ ತಿಳಿಯಬೇಕಾದರೆ ಬಗ್ಗಿ ನೋಡಬೇಕು. ಕಾಂಫ್ರಿಯ ಅಂಚು ನುಣ್ಣಗೆ, ಆದರೆ ಎಲೆ ಸವರಿದರೆ ಗಡುಸು ರೋಮ ಕೈಗೆ ಒತ್ತುತ್ತದೆ. ಫಾಕ್ಸ್‌ಗ್ಲೋವ್ ಮಖಮಲ್ಲಿನಷ್ಟು ಮೆತ್ತಗೆ, ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು. ಅನುಮಾನ ಬಂತೋ, ಮುಟ್ಟದೆ ಬಿಟ್ಟುಬಿಡುವುದು. ಹೂ ಬಂದ ಮೇಲೆ ತಾನೇ ಗೊತ್ತಾಗುತ್ತದೆ.

ಮೈಂಡ್‌ಫುಲ್‌ನೆಸ್, ಅಂದರೆ ಮನಸ್ಸನ್ನು ಈ ಕ್ಷಣದಲ್ಲೇ ನಿಲ್ಲಿಸುವ ಅಭ್ಯಾಸ, ಅದರ ಹೆಸರಲ್ಲಿ ಇಲ್ಲಿ ಆ್ಯಪ್‌ನಿಂದ ಹಿಡಿದು ಮೇಣದ ಬತ್ತಿವರೆಗೆ ಏನೇನೋ ಮಾರುತ್ತಾರೆ. ನನಗೆ ಅದರ ಮೇಲೆ ಅಷ್ಟೇನೂ ನಂಬಿಕೆಯಿಲ್ಲ. ಕೈಯಲ್ಲಿರುವುದು ವಿಷದ ಎಲೆ ಇರಬಹುದು ಅಂತ ಗೊತ್ತಿದ್ದರೆ ಮನಸ್ಸು ಬೇರೆ ಕಡೆ ಹೇಗೆ ಹೋಗುತ್ತದೆ, ಅಲ್ವಾ?

ದಿನದ ರೂಢಿ ಅಂತ ಆದದ್ದು ನೆಟಲ್‌ನಿಂದ. ಮುಟ್ಟಿದರೆ ಉರಿಯುವ ಗಿಡ, ಎಲ್ಲೆಂದರಲ್ಲಿ ಬೆಳೆಯುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಗ್ಲೌಸ್ ಹಾಕಿಕೊಂಡು ತುದಿಯ ಎಳೆ ಎಲೆ ಮಾತ್ರ ಚಿವುಟಬೇಕು. ಕುದಿಯುವ ನೀರು ಬಿದ್ದರೆ ಉರಿ ಹೋಗುತ್ತದೆ. ಹೂ ಬಂದ ಮೇಲೆ ಕೀಳುವುದಿಲ್ಲ. ಬಲಿತ ಎಲೆಯಲ್ಲಿ ಸುಣ್ಣದ ಕಣಗಳು ಜಾಸ್ತಿ, ಮೂತ್ರನಾಳಕ್ಕೆ ತೊಂದರೆ ಅನ್ನುತ್ತಾರೆ. ಹಾಗಾಗಿ ಹೂ ಬಂತಾ ಅಂತ ನೋಡುವುದಕ್ಕೇ ದಿನಾ ಅದೇ ದಾರಿಯಲ್ಲಿ ನಡೆಯುತ್ತೇನೆ.

ಕಾಯ್ದೆಯೂ ಇದೆ. ತಾನಾಗಿ ಬೆಳೆದ ಗಿಡದಿಂದ ಮನೆ ಬಳಕೆಗೆ ಎಲೆ, ಹೂ, ಹಣ್ಣು ಕಿತ್ತರೆ 1968ರ ಕಾಯ್ದೆ ಪ್ರಕಾರ ಕಳ್ಳತನವಲ್ಲ. ಮಾರುವುದಕ್ಕೆ ಕಿತ್ತರೆ ಕಳ್ಳತನ. ಜಮೀನಿನವರನ್ನು ಕೇಳದೆ ಬುಡಸಮೇತ ಕೀಳುವುದು 1981ರ ಕಾಯ್ದೆ ಪ್ರಕಾರ ಅಪರಾಧ. ಬೇರಿನ ಮದ್ದೆಲ್ಲ ಅದಕ್ಕೇ ನಮ್ಮ ಕುಂಡಕ್ಕೆ ಸೀಮಿತ.

ಇದನ್ನು ಬರೆಯುವಾಗ ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡ ಹೂ ಬಿಡುವ ಕಾಲ. ಎಲೆಯನ್ನು ಬಿಸಿಲಿಗೆ ಹಿಡಿದರೆ ಸೂಜಿಯಲ್ಲಿ ಚುಚ್ಚಿದ ಹಾಗೆ ಚುಕ್ಕಿಗಳು. ತೂತಲ್ಲ, ಎಣ್ಣೆಯ ಗ್ರಂಥಿಗಳು. ಹಳದಿ ಮೊಗ್ಗನ್ನು ಉಜ್ಜಿದರೆ ಬೆರಳು ಕೆಂಪಾಗುತ್ತದೆ. ಮನಸ್ಸು ಕುಗ್ಗಿದವರಿಗೆ ಒಳ್ಳೆಯದು ಅಂತ ಹೆಸರಿದೆ. ಆದರೆ ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಇಂಥವುಗಳ ಶಕ್ತಿಯನ್ನು ಕುಗ್ಗಿಸುತ್ತದೆ. ಖಿನ್ನತೆಯ ಮಾತ್ರೆ ಜೊತೆ ಸೇರಿದರೆ ಅಪಾಯ. ‘ಬರೀ ಸೊಪ್ಪು ತಾನೇ’ ಅಂತ ಯಾರಾದರೂ ಅಂದರೆ ನಾನು ಮೊದಲು ಹೇಳುವುದು ಇದರ ಹೆಸರನ್ನೇ. ದಿನಾ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಬೇಡಿ.